ಗರಡಿ ಓಣಿಯ ಬಳೆಗಳು

ಬಳೆ ಕೆಂಪಾದರೆ ಫೋನು ಮಾಡುವುದು ನೀಲಗಂಗಾಳ ಕೆಲಸ.

ಯಾರ ಬಳೆ ಎಂದರೆ, ಬಸುರಿಯರದು. ಮೂರು ತಿಂಗಳು ತುಂಬುತ್ತಲೇ ಸರ್ಕಾರದವರು ಮನೆಗೆ ಬಂದು ತೊಡಿಸಿ ಹೋಗುವ ಬಳೆ. ನೋಡಲು ಸೀಮಂತದ ಹಸಿರು ಗಾಜಿನ ಬಳೆಯಂತೆಯೇ ಇರುತ್ತದೆ. ಆದರೆ ಒಡೆಯುವುದಿಲ್ಲ, ಹೆರಿಗೆಯಾಗಿ ಕೇಂದ್ರದವರು ಬೀಗ ತೆಗೆಯುವ ತನಕ ಬಿಚ್ಚಲೂ ಬರುವುದಿಲ್ಲ. ಅದರ ಒಳಮೈಗೆ ಒಂದು ತೆಳುವಾದ ಪದರ ಅಂಟಿಸಿರುತ್ತಾರೆ. ಆ ಪದರ ಮೈಯ ಬೆವರನ್ನು ಹೀರಿ, ಹೊಟ್ಟೆಯಲ್ಲಿರುವ ಕೂಸಿಗೆ ಆಗಿಬರದ್ದು ಏನಾದರೂ ಅದರಲ್ಲಿದೆಯೇ ಎಂದು ನೋಡುತ್ತದೆ. ಹೆಂಡ, ತಂಬಾಕು, ಡಾಕ್ಟರು ಬರೆದುಕೊಡದ ಗುಳಿಗೆ, ಯಾವುದರ ಸುಳಿವು ಸಿಕ್ಕರೂ ಹಸಿರು ಬಳೆ ಕೆಂಪಗಾಗುತ್ತದೆ. ಅತ್ತ ಜಿಲ್ಲಾ ಪೇಟೆಯ ಗರ್ಭಕಾವಲು ಕೇಂದ್ರದಲ್ಲಿ, ಗೋಡೆಯಷ್ಟು ದೊಡ್ಡ ಪರದೆಯ ಮೇಲೆ, ಅವಳ ಹೆಸರೂ ಕೆಂಪಗಾಗುತ್ತದೆ.

ಬಳೆ ಕೆಟ್ಟದ್ದೇನಲ್ಲ, ಈ ಮಾತನ್ನು ಮೊದಲೇ ಹೇಳಿಬಿಡಬೇಕು. ಅದು ಬರುವ ಮುಂಚೆ ತಲೆನೋವಿಗೆ ಕಿರಾಣಿ ಅಂಗಡಿಯ ಗುಳಿಗೆ ನುಂಗುವವರಿದ್ದರು, ಹಲ್ಲುನೋವಿಗೆಂದು ತಂಬಾಕು ಹುರಿದು ಪುಡಿಮಾಡಿದ ಮಿಶ್ರಿ ತಿಕ್ಕುವವರಿದ್ದರು, ಮೈಕೈ ನೋವಿಗೆಂದು ಗಂಡ ಬಿಟ್ಟ ಬಾಟಲಿಯಿಂದ ಒಂದು ಗುಟುಕು ಎಳೆಯುವವರೂ ಇದ್ದರು. ಅವರನ್ನು ಯಾರೂ ಹತ್ತಿರ ಕೂಡಿಸಿಕೊಂಡು ತಿಳಿಸಿ ಹೇಳಿರಲಿಲ್ಲ. ನೀಲಗಂಗಾ ಹೇಳಿದಳು. ಅವಳ ದನಿಯಲ್ಲಿ ಅಕ್ಕನ ಅಕ್ಕರೆಯೂ ಇತ್ತು, ಮಾಸ್ತರಣಿಯ ಗದರಿಕೆಯೂ ಇತ್ತು. ಕೇಂದ್ರದ ಹುಡುಗಿಯರೆಲ್ಲ ಫೋನಿನಲ್ಲಿ ಓದುವ ಮಾತುಗಳನ್ನು ಬರೆದುಕೊಟ್ಟವಳೂ ಅವಳೇ. 'ಅಮ್ಮಾ, ಹೊಟ್ಟೆಯಲ್ಲಿರುವ ಕೂಸಿಗೆ ಬಾಯಿಲ್ಲ, ಅದರ ಪರವಾಗಿ ನಾವು ಕೇಳುತ್ತಿದ್ದೇವೆ' ಎಂದು ಶುರುವಾಗುವ ಆ ಮಾತು ಕೇಳಿ ಅತ್ತುಬಿಟ್ಟ ಗರ್ಭಿಣಿಯರಿದ್ದರು, ಅಂದೇ ಮಿಶ್ರಿಯ ಡಬ್ಬಿಯನ್ನು ತಿಪ್ಪೆಗೆಸೆದವರಿದ್ದರು. ಆಕೆಗೆ ತನ್ನ ಕೆಲಸದ ಬಗ್ಗೆ ಹೆಮ್ಮೆಯಿತ್ತು, ಇರಬೇಕಾದದ್ದೇ.

ಒಪ್ಪದವರೂ ಇದ್ದರು. ಅಂಥವರ ಪೈಕಿ ಸೂಲಗೇರಿಯ ಕಸ್ತೂರಿ ಎಂಬುವಳು ಒಬ್ಬಳು. ಸೂಲಗೇರಿ ನೀಲಗಂಗಾಳ ತವರೂರು, ಅದರಲ್ಲೂ ಕಸ್ತೂರಿ ಸೊಸೆಯಾಗಿ ಬಂದದ್ದು ಅವಳ ತವರಿನ ಗರಡಿ ಓಣಿಗೇ. ಅವಳ ಬಳೆ 'ಹೊಗೆ' ಎಂದು ಹೇಳುತ್ತಿತ್ತು. ಕೇಂದ್ರದ ಯಂತ್ರಕ್ಕೆ ಹೊಗೆ ಎಂದರೆ ಬೀಡಿ, ಅಷ್ಟೇ.

"ಬೀಡಿ ಬಿಡಬೇಕವ್ವಾ ಕಸ್ತೂರಿ," ಎಂದಳು ನೀಲಗಂಗಾ.

"ಅಕ್ಕಾರ, ಬೀಡಿ ಹೆಂಗ ಹಿಡೀತಾರನ್ನೂದ ನಾ ಕಂಡಿಲ್ರಿ."

"ನಿಮ್ಮ ಯಜಮಾನ್ರು?"

"ಅವ್ರೂ ಸೇದಂಗಿಲ್ರಿ. ನಮ್ಮ ಮನ್ಯಾಗ ಈಗ ಊದಿನಕಡ್ಡಿ ಸೈತ ಹಚ್ಚಂಗಿಲ್ಲ."

"ಮತ್ತ ಬಳಿ ಸುಳ್ಳ ಹೇಳ್ತದೇನು?"

ಕಸ್ತೂರಿ, "ಬಳಿ ಖರೇ ಹೇಳ್ತದ, ನಾ ಸುಳ್ಳ ಹೇಳ್ತೀನಿ, ಹಂಗ ಬರಕೋರಿ," ಎಂದು ಫೋನಿಟ್ಟಳು.

ಕರೆ ಮುಗಿದ ಮೇಲೆ ಪರದೆಯಲ್ಲಿ ಕಾರಣ ಒತ್ತಬೇಕು. ಬೀಡಿ, ತಂಬಾಕು, ಮದ್ಯ, ಗುಳಿಗೆ. ಎಲ್ಲಕ್ಕಿಂತ ಕೆಳಗೆ 'ಒಪ್ಪಿಕೊಂಡಿಲ್ಲ'. ನೀಲಗಂಗಾ ಕೊನೆಯದನ್ನು ಒತ್ತಿ ಮುಂದಿನ ಹೆಸರಿಗೆ ಹೋದಳು. ಆಗ ಅವಳಿಗೂ ಏಳನೇ ತಿಂಗಳು. ಅವಳ ಕೈಯಲ್ಲೂ ಬಳೆಯಿತ್ತು, ಒಮ್ಮೆಯೂ ಹಸಿರು ಬಿಟ್ಟು ಬೇರೆ ಬಣ್ಣ ಕಂಡಿರಲಿಲ್ಲ.

*

ಮರುವಾರ ಕೇಂದ್ರದ ನಿರ್ದೇಶಕ ಪ್ರಹ್ಲಾದ ಇನಾಮದಾರರು ಎಲ್ಲರನ್ನೂ ಸಭೆಗೆ ಕರೆದರು. ಹೊಸದೇನೋ ಕಂಡುಹಿಡಿದ ಕಳೆ ಅವರ ಮುಖದಲ್ಲಿತ್ತು. ಪರದೆಯ ಮೇಲೆ ಒಂದು ನಕ್ಷೆ ಮೂಡಿಸಿದರು. ಗಂಡನ ಮನೆಯಲ್ಲಿರುವಷ್ಟು ದಿನ ಬಸುರಿಯರ ಬಳೆ ಹಸಿರು. ತವರಿಗೆ ಹೋದ ಮೂರ್ನಾಲ್ಕು ದಿನಕ್ಕೆ ಕೆಂಪು. ಮರಳಿ ಬಂದರೆ ಮತ್ತೆ ಹಸಿರು. ಒಬ್ಬಿಬ್ಬರದಲ್ಲ, ನೂರಾರು ಹೆಂಗಸರದು.

"ಇದರ ಅರ್ಥ ನಿಮಗೇ ಗೊತ್ತಾಗ್ತದೆ," ಎಂದರು ಇನಾಮದಾರರು. "ಅತ್ತೆಯ ಮನೇಲಿ ಹೆದರಿಕೆ ಇರ್ತದೆ. ತವರಿನಲ್ಲಿ ಯಾರೂ ಕೇಳೋರಿಲ್ಲ. ಅವ್ವ ಅನ್ನೋಳು ಮಗಳನ್ನ ತಲೆ ಮೇಲೆ ಕೂರಿಸ್ಕೋತಾಳೆ, ಬೇಕಾದ್ದು ಮಾಡ್ಕೋ ಅಂತಾಳೆ. ಬೀಡಿಯೂ ಅಲ್ಲೇ ಸಿಗ್ತದೆ."

ಯಾರೋ ಕಿಸಕ್ಕನೆ ನಕ್ಕರು. ಪ್ರಯೋಗಾಲಯದ ತಬಸ್ಸುಮ್ ಮಾತ್ರ ಕೈಯೆತ್ತಿ, "ಸರ್, ಉಲ್ಟಾ ಇರೋವೂ ಕೆಲವು ಅದಾವಲ್ರಿ? ಗಂಡನ ಮನ್ಯಾಗ ಕೆಂಪು, ತವರಿನ್ಯಾಗ ಹಸಿರು?" ಎಂದಳು. ಬಳೆಗಳನ್ನು ಬಿಚ್ಚಿ ರಿಪೇರಿ ಮಾಡುವವಳು ಅವಳು, ಸಭೆಯಲ್ಲಿ ಬಾಯಿಬಿಡುವುದೇ ಅಪರೂಪ.

"ಅವು ಬೆರಳೆಣಿಕೆಯಷ್ಟು. ಬಳೆಯ ದೋಷ ಅಂತ ತೆಗೆದುಹಾಕಿದ್ದೀನಿ."

ಆದೇಶ ಸಿದ್ಧವಾಗಿಯೇ ಇತ್ತು. ಬರುವ ಅಮಾವಾಸ್ಯೆಯಿಂದಾಚೆ ಬಸುರಿಯರಾರೂ ತವರಿಗೆ ಹೋಗಕೂಡದು. ಬಾಣಂತನವೂ ಗಂಡನ ಮನೆಯಲ್ಲೇ. ಹೋದದ್ದನ್ನು ಬಳೆ ತೋರಿಸಿಕೊಟ್ಟರೆ, ಇಲ್ಲವೇ ಬಳೆ ಎರಡನೇ ಸಲ ಕೆಂಪಾದರೆ, ವ್ಯಾನು ಹೋಗಿ ಅವರನ್ನು ಕರೆತಂದು ಹೆರಿಗೆಯಾಗುವ ತನಕ ಆರೈಕೆ ಮಂದಿರದಲ್ಲಿ ಇಡುತ್ತದೆ. ಆರೈಕೆ ಮಂದಿರ ಎಂಬ ಹೆಸರು ಚೆನ್ನಾಗಿದೆ. ಅದರ ಬಾಗಿಲಿಗೆ ಬೀಗ ಹೊರಗಡೆಯಿಂದ ಹಾಕುತ್ತಾರೆ, ಕೂಸನ್ನು ಅವ್ವನಿಗೆ ಒಪ್ಪಿಸಬೇಕೋ ಬೇಡವೋ ಎಂಬುದನ್ನು ಆಮೇಲೆ ಒಂದು ಸಮಿತಿ ಕೂತು ತೀರ್ಮಾನಿಸುತ್ತದೆ.

ನೀಲಗಂಗಾಳಿಗೆ ಆದೇಶ ಕಹಿಯೆನಿಸಿತು, ಆದರೆ ತಪ್ಪೆನಿಸಲಿಲ್ಲ. ನಕ್ಷೆ ಕಣ್ಣೆದುರಿಗೇ ಇತ್ತಲ್ಲ. ತನಗೆ ಇನ್ನೂ ಸಮಯವಿದೆ, ಅಮಾವಾಸ್ಯೆಯೊಳಗೆ ನಾಲ್ಕು ದಿನ ಅವ್ವನ ಕೈಯಡುಗೆ ಉಂಡು ಬರೋಣವೆಂದು ಅಂದೇ ರಜೆ ಬರೆದುಕೊಟ್ಟಳು.

*

ಸೂಲಗೇರಿಯ ಗರಡಿ ಓಣಿಯ ಕೊನೆಯ ಮನೆ ಅವಳದು. ಅಪ್ಪ ಈರಭದ್ರಪ್ಪ ಒಂದು ಕಾಲಕ್ಕೆ ಸುತ್ತಲಿನ ಅಖಾಡಗಳಲ್ಲಿ ಹೆಸರು ಮಾಡಿದ ಪೈಲ್ವಾನ. ಈಗ ಮೀಸೆ ನರೆತಿದೆ, ಮೊಳಕಾಲು ಹಿಡಿದಿದೆ. ಆದರೂ ದಿನವೂ ಗರಡಿಗೆ ಹೋಗಿ ಕಟ್ಟೆಯ ಮೇಲೆ ಕೂತು, ಹುಡುಗರಿಗೆ ಪಟ್ಟು ಹೇಳಿಕೊಡುವುದಕ್ಕಿಂತ ಹೆಚ್ಚಾಗಿ ಬಯ್ಯುತ್ತಾನೆ. ಅವ್ವ ಗುರುಸಿದ್ದವ್ವ ಮಗಳು ಬಂದ ದಿನದಿಂದ ಒಲೆಯ ಮೇಲಿನ ಪಾತ್ರೆ ಇಳಿಸಲಿಲ್ಲ. ಜುಣಕ, ಕಾಳಪಲ್ಯ, ಎಣ್ಣೆಗಾಯಿ, ಬಿಸಿ ರೊಟ್ಟಿ. 'ಇದು ತಿನ್ನಬಹುದೇನು, ಅದು ತಿನ್ನಬಹುದೇನು' ಎಂದು ಪ್ರತಿಯೊಂದಕ್ಕೂ ಕೇಳಿಯೇ ಬಡಿಸಿದಳು.

ನಾಲ್ಕನೆಯ ದಿನ ಮುಂಜಾನೆ ನೀಲಗಂಗಾ ಹಿತ್ತಲಲ್ಲಿ ಮುಖ ತೊಳೆಯುವಾಗ ಕೈ ನೋಡಿಕೊಂಡಳು. ಬಳೆ ಕೆಂಪಗಾಗಿತ್ತು.

ನೀರು ಹಾಕಿ ತಿಕ್ಕಿದಳು. ಸೆರಗಿನಿಂದ ಒರೆಸಿದಳು. ಅಷ್ಟರಲ್ಲಿ ಒಳಗೆ ಫೋನು ಬಡಿದುಕೊಳ್ಳತೊಡಗಿತು. ಕರೆ ಮಾಡಿದವಳು ಪಕ್ಕದ ಕುರ್ಚಿಯ ಸುಕನ್ಯಾ, ನಾಚಿಕೆಯಿಂದ ಅವಳ ದನಿ ಉಡುಗಿಹೋಗಿತ್ತು. "ಅಕ್ಕಾ, ಓದದಿದ್ರ ಯಂತ್ರ ಮುಂದ ಹೋಗಂಗಿಲ್ಲ. ಓದ್ತೀನಿ. ಅಮ್ಮಾ, ಹೊಟ್ಟೆಯಲ್ಲಿರುವ ಕೂಸಿಗೆ ಬಾಯಿಲ್ಲ..."

ತಾನೇ ಬರೆದ ಮಾತು. ಕೇಳುವವಳ ಕಿವಿಯಲ್ಲಿ ಅದು ಹೇಗಿರುತ್ತದೆಂದು ನೀಲಗಂಗಾ ಎಂದೂ ಕೇಳಿಸಿಕೊಂಡಿರಲಿಲ್ಲ. ಅಕ್ಕರೆ ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ಅವಳ ಕೂಸಿಗೆ ಅವಳೇ ವೈರಿ ಎಂದು ಮೊದಲೇ ಠರಾಯಿಸಿಕೊಂಡವರ ಮಾತಾಗಿತ್ತು ಅದು.

ಫೋನಿಟ್ಟಾಗ ಅವ್ವ ಬಾಗಿಲಲ್ಲಿ ನಿಂತಿದ್ದಳು. "ಏ ನೀಲಾ, ನನ್ನ ಮುಂದ ಹೇಳು. ನಾ ಬೈಯಂಗಿಲ್ಲ. ಆಫೀಸಿನ್ಯಾಗ ಯಾರರೆ ಏನರೆ ರೂಢಿ ಹಚ್ಚ್ಯಾರೇನು?"

ಹೆತ್ತವಳೂ ಬಳೆಯನ್ನೇ ನಂಬಿದ್ದಳು. ನೀಲಗಂಗಾ ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಕಸ್ತೂರಿಯ ಮನೆಗೆ ಹೋದಳು. ಕಸ್ತೂರಿ ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ನೀಲಗಂಗಾ ಹೆಸರು ಹಿಡಿದು ಕರೆದಾಗ ದನಿಯಿಂದಲೇ ಗುರುತು ಹಿಡಿದಳು. ಬಂದವಳ ಮುಖ ನೋಡಿದಳು, ಕೈ ನೋಡಿದಳು, ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.

"ನೀವೂ ಬೀಡಿ ಶುರು ಮಾಡಿದಿರೇನ್ರಿ ಅಕ್ಕಾರ?"

ನೀಲಗಂಗಾಳಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. "ತಪ್ಪಾತವ್ವಾ," ಎಂದಳು.

"ಅದಿರಲಿ ಬಿಡ್ರಿ. ಒಂದು ಮಾತ ಕೇಳ್ರಿ. ಹೋದ ತಿಂಗಳ ನಾ ನನ್ನ ತವರಿಗಿ ಹೋಗಿದ್ನಿ, ಹೊಳಿ ಆಚಿ ಹಳ್ಳಿ. ಅಲ್ಲಿ ಇದು ಹಸರ ಆಗಿತ್ತು. ಇಲ್ಲಿಗೆ ಬಂದ ಮೂರ ದಿನಕ್ಕ ಮತ್ತ ಕೆಂಪು. ಹೇಳಿದ್ರ ಯಾರ ಕೇಳ್ತಾರ?"

ಆಗ ಗಾಳಿ ಹೊರಳಿತು. ನಾಲ್ಕು ದಿನ ಒಲೆಯ ವಾಸನೆಯ ನಡುವೆ ಗಮನಿಸದೆ ಬಿಟ್ಟಿದ್ದ ಸುಟ್ಟ ರಬ್ಬರಿನ ಕಮಟು ಈಗ ನೇರ ನೀಲಗಂಗಾಳ ಮೂಗಿಗೆ ಬಡಿಯಿತು. ಊರಾಚೆ, ಗರಡಿ ಓಣಿಯ ಹಿಂಬದಿಗೆ, ಒಂದು ಉದ್ದನೆಯ ಹೊಗೆ ಕೊಳವೆ. ಹಳೇ ಟೈರು ಬೇಯಿಸಿ ಎಣ್ಣೆ ತೆಗೆಯುವ ಕಾರ್ಖಾನೆ ಅದು, ಊರವರ ಬಾಯಲ್ಲಿ ಟೈರ್ ಭಟ್ಟಿ. ಅವಳು ಮದುವೆಯಾಗಿ ಹೋದ ಮೇಲೆ ಬಂದದ್ದು. ಪೇಟೆಯ ಹತ್ತಿರ ಬೇಡವೆಂದು ಇಂಥ ಭಟ್ಟಿಗಳನ್ನೆಲ್ಲ ಸಣ್ಣ ಸಣ್ಣ ಊರುಗಳಲ್ಲಿ ಹಾಕಿದ್ದರು.

"ಈ ನಾತಕ್ಕ ನೀವೆಲ್ಲ ಹೆಂಗ ಇರ್ತೀರಿ?"

"ಯಾವ ನಾತರಿ?" ಎಂದಳು ಕಸ್ತೂರಿ. ಕೇಳಿದ ಮೇಲೆ ಅವಳೇ ಮೂಗು ಅರಳಿಸಿ ನೋಡಿದಳು, ಶೇಂಗಾ ಕೈಯಿಂದ ಬಿತ್ತು.

ನೀಲಗಂಗಾಳ ತಲೆಯಲ್ಲಿ ಇನಾಮದಾರರ ನಕ್ಷೆ ತಿರುವುಮುರುವಾಗಿ ನಿಂತುಕೊಂಡಿತು. ಈಗೀಗ ಸಣ್ಣ ಊರುಗಳ ಜನ ಹೆಣ್ಣುಮಕ್ಕಳನ್ನು ಪೇಟೆಗೇ ಕೊಡುತ್ತಾರೆ. ಹಾಗಾಗಿ ಹೆಚ್ಚಿನವರಿಗೆ ಗಂಡನ ಮನೆ ಪೇಟೆಯಲ್ಲಿ, ತವರು ಭಟ್ಟಿಯ ಪಕ್ಕದಲ್ಲಿ. ಬಳೆ ಕೆಂಪಾದದ್ದು ಅವ್ವನ ಮುದ್ದಿನಿಂದಲ್ಲ. ಕಸ್ತೂರಿಯಂಥ ಉಲ್ಟಾ ಹೆಂಗಸರನ್ನು ದೋಷವೆಂದು ತೆಗೆದುಹಾಕಿದ್ದರಿಂದ ಅದು ಯಾರಿಗೂ ಕಾಣದೆ ಹೋಗಿತ್ತು. ಕೋಪ ಅವಳ ಕಿವಿಯ ತನಕ ಏರಿತು. ಅದರ ಬೆನ್ನಿಗೇ ಹೆದರಿಕೆ. ಹೊಟ್ಟೆಯಲ್ಲಿದ್ದದ್ದು ನಾಲ್ಕು ದಿನದಿಂದ ಇದೇ ಗಾಳಿ ಕುಡಿದಿತ್ತು. ಅಂದೇ ಮಧ್ಯಾಹ್ನದ ಬಸ್ಸು ಹತ್ತಿ ಪೇಟೆಗೆ ಮರಳಿದಳು, ಕಸ್ತೂರಿಯನ್ನೂ ಒತ್ತಾಯದಿಂದ ಹೊಳೆಯಾಚೆಯ ಬಸ್ಸಿಗೆ ಹತ್ತಿಸಿ, ಅಮಾವಾಸ್ಯೆಯ ಮೇಲೆ ತವರಿನಲ್ಲಿರದೆ ಅಲ್ಲಿಯ ನಂಟರ ಮನೆಯಲ್ಲಿರಲು ಹೇಳಿದಳು.

*

ಇನಾಮದಾರರು ಎಲ್ಲವನ್ನೂ ಕೇಳಿದರು. ಕೆಟ್ಟ ಮನುಷ್ಯರೇನಲ್ಲ ಅವರು, ತಮ್ಮ ಮೂಗಿನ ನೇರಕ್ಕೆ ನೋಡುವವರು.

"ಗಾಳಿ ನಮ್ಮ ಇಲಾಖೆಗೆ ಬರಲ್ಲಮ್ಮ. ಆ ಕಾರ್ಖಾನೆಗೆ ಅದರದೇ ಪ್ರಮಾಣಪತ್ರ ಇದೆ. ನಮ್ಮ ಕೆಲಸ ತಾಯಿ, ಅವಳ ನಡವಳಿಕೆ. ಬಳೆ ಹೊಗೆ ಅಂದರೆ ತಾಯಿ ಸೇದಿದಾಳೆ."

"ನಾನು ಸೇದಿದ್ದೀನಿ ಅಂತೀರಾ ಸರ್?"

"ನಾನು ಅನ್ನಲ್ಲ. ಬಳೆ ಅನ್ನುತ್ತೆ." ಅವರು ಕನ್ನಡಕ ತೆಗೆದು ಒರೆಸಿದರು. "ನಿಮ್ಮದು ಒಂದು ಕೆಂಪು ಆಗಿದೆ. ಇನ್ನೊಂದು ಆದರೆ ನನ್ನ ಸಿಬ್ಬಂದಿ ಅಂತ ನಾನು ನೋಡೋಕಾಗಲ್ಲ. ಅಮಾವಾಸ್ಯೆ ಹತ್ತಿರ ಬಂತು, ತವರಿನ ಮಾತು ಬಿಡಿ."

ನೀಲಗಂಗಾ ಅಲ್ಲಿಂದೆದ್ದು ಪ್ರಯೋಗಾಲಯಕ್ಕೆ ಹೋದಳು. ತಬಸ್ಸುಮ್ ಮೇಜಿನ ಮೇಲೆ ಬಳೆಯೊಂದನ್ನು ಬಿಚ್ಚಿಟ್ಟುಕೊಂಡಿದ್ದಳು. ಕಥೆಯನ್ನೆಲ್ಲ ಕೇಳಿದ ಮೇಲೆ, ಚಿಮಟಿಗೆಯಿಂದ ಆ ತೆಳು ಪದರವನ್ನೆತ್ತಿ ತೋರಿಸಿದಳು.

"ನೋಡಕ್ಕಾ, ಇಷ್ಟ ಇದು. ಹೊಗೆ ಮೈಯೊಳಗ ಹೋಗಿ ಕರಗಿದ ಮ್ಯಾಲ ಬೆವರಿನ್ಯಾಗ ಅದರ ಗಸಿ ಬರ್ತೈತಿ. ಆ ಗಸಿ ಮುಟ್ಟಿದ್ರ ಇದು ಕೆಂಪಾಗ್ತೈತಿ. ಬೀಡಿ ಹೊಗೆನೋ ಟೈರ್ ಹೊಗೆನೋ ಇದಕ್ಕ ಗೊತ್ತಾಗಂಗಿಲ್ಲ. ಸ್ವಚ್ಛ ಗಾಳಿಗೆ ಹೋದ್ರ ಎರಡು ಮೂರು ದಿನದಾಗ ಗಸಿ ಕಳದು ಹಸರ ಆಗ್ತೈತಿ. ಬೀಡಿ ಅನ್ನೂದು ಮ್ಯಾಲಿನ ಯಂತ್ರಕ್ಕ ಮನಶ್ಯಾರು ಹೇಳಿಕೊಟ್ಟ ಮಾತು."

"ಬಸುರಿ ಅಲ್ಲದವ್ರ ಕೈಗೆ ಹಾಕಿದ್ರ?"

"ಬೆವರಿಗೇನ್ ಬಸುರಿ ಅಕ್ಕಾ. ನಾವು ಇಲ್ಲಿ ಪರೀಕ್ಷಾ ಮಾಡೂಮುಂದ ನಮ್ಮ ಕೈಗೇ ಹಾಕ್ಕೋತೀವಲ್ಲ." ತಬಸ್ಸುಮ್ ತುಸು ಯೋಚಿಸಿ, ಬೀರುವಿನ ಕೆಳಗಿನ ಖಾನೆಯಿಂದ ಒಂದು ಪೆಟ್ಟಿಗೆ ಎಳೆದಳು. "ಇವು ಅಳತಿ ತಪ್ಪಿ ಬಂದಾವ. ಹೆಣ್ಮಕ್ಕಳ ಕೈಗೆ ನಿಲ್ಲಂಗಿಲ್ಲ, ಜಾರಿ ಬೀಳ್ತಾವ. ಅದಕ್ಕ ಇಲ್ಲೇ ಬಿದ್ದಾವ."

ಇಬ್ಬರೂ ಆ ಬಳೆಗಳನ್ನು ನೋಡಿದರು. ಗಂಡಸರ ಮುಂಗೈಗೆ ಹೇಳಿ ಮಾಡಿಸಿದಂತಿದ್ದವು.

*

ಮೊದಲ ಬಳೆ ತೊಟ್ಟವನು ನೀಲಗಂಗಾಳ ಗಂಡ ಮೃತ್ಯುಂಜಯ. ಅವನು ಬಸ್ ಡಿಪೋದಲ್ಲಿ ಚಾಲಕ, ಪೇಟೆ ಬಿಟ್ಟು ಆಚೆ ಹೋಗದ ಸಿಟಿ ಬಸ್ಸು ಅವನದು. "ನೀವು ಪೇಟ್ಯಾಗ ಇರ್ರಿ, ನಿಮ್ಮದು ಹಸರ ಉಳೀಬೇಕು. ಇಲ್ಲಿ ಹಸರ, ಅಲ್ಲಿ ಕೆಂಪು, ಎರಡೂ ಕಂಡ್ರನ ಮಂದಿ ನಂಬ್ತಾರ," ಎಂದು ನೀಲಗಂಗಾ ಹೇಳಿದ್ದಳು. ಡಿಪೋದಲ್ಲಿ ಗೆಳೆಯರು ಅವನನ್ನು ಎಷ್ಟು ಕಾಡಬೇಕೋ ಅಷ್ಟು ಕಾಡಿದರು. ಒಬ್ಬ ಅವನ ಬಾಗಿಲಿಗೆ ಹುಣಸೆಕಾಯಿ ತಂದಿಟ್ಟು ಹೋದ. ಮೃತ್ಯುಂಜಯ ಅದನ್ನು ಉಪ್ಪು ಹಚ್ಚಿಕೊಂಡು ತಿಂದ.

ಕಷ್ಟವಿದ್ದದ್ದು ಅಪ್ಪನದು. ಮಗಳಿಗೆಂದು ಗುಳ್ಳಡಕಿಯ ಸಿಹಿ ಉಂಡಿ ಕಟ್ಟಿಸಿಕೊಂಡು ಈರಭದ್ರಪ್ಪ ಪೇಟೆಗೆ ಬಂದಾಗ, ನೀಲಗಂಗಾ ಪೆಟ್ಟಿಗೆಯನ್ನು ಅವನ ಮುಂದಿಟ್ಟು ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಮುದುಕ ಮೀಸೆಯ ಮೇಲೆ ಕೈಯಾಡಿಸಿಕೊಂಡ.

"ಸೋತ ಪೈಲ್ವಾನರಿಗೆ ನಾ ಜನ್ಮಾ ಎಲ್ಲಾ ಏನಂದೀನಿ, ಗೊತ್ತೈತೇನವ್ವ ನಿನಗ?"

"ಗೊತ್ತೈತಪ್ಪ. 'ಬಳಿ ತೊಟ್ಕೊಂಡು ಮನ್ಯಾಗ ಕುಂದ್ರು ಹೋಗು' ಅಂದೀರಿ."

"ಆ ಬಾಯಿಲೆ ಈಗ ಗರಡಿ ಹುಡುಗರಿಗೆ ಬಳಿ ತೊಡ್ರಿ ಅನ್ಲೇನು? ಊರಾಗ ತಲಿ ಎತ್ತಿ ಅಡ್ಡಾಡೂದು ಬ್ಯಾಡೇನು?"

ನೀಲಗಂಗಾಳ ಸಹನೆ ಹರಿಯಿತು. "ನನ್ನ ಕೈಯಾಗ ಬಳಿ ಕೆಂಪಾದಾಗ ನಾ ಕೆಟ್ಟವಳಾದೆ. ಕಸ್ತೂರಿ ಕೈಯಾಗ ಆದಾಗ ಅಕಿ ಸುಳ್ಳಿ ಆದ್ಲು. ಅದ ಬಳಿ ನಿಮ್ಮ ಕೈಯಾಗ ಕೆಂಪಾದ್ರ ಭಟ್ಟಿ ಕೆಟ್ಟದ್ದು ಅಂತ ಆಗ್ತೈತಿ. ಅಷ್ಟ ಫರಕ್ ಅಪ್ಪ. ನನಗ ತವರ ಬೇಕು. ನನ್ನ ಕೂಸಿಗೆ ಸ್ವಚ್ಛ ಗಾಳಿ ಬೇಕು. ಎರಡೂ ಬೇಕು. ಒಂದು ಬಿಟ್ಟು ಒಂದು ಆರಿಸ್ಕೊ ಅಂದ್ರ ನಾ ಆರಿಸಂಗಿಲ್ಲ."

ಈರಭದ್ರಪ್ಪ ಮಗಳ ಮುಖವನ್ನೇ ನೋಡಿದ. ಚಿಕ್ಕಂದಿನಲ್ಲಿ ಗರಡಿಯ ಕೆಮ್ಮಣ್ಣಿನಲ್ಲಿ ಹೊರಳಾಡಿ ಬಂದು 'ನನಗೂ ಕುಸ್ತಿ ಕಲಿಸು' ಎಂದು ಹಠ ಹಿಡಿದಿದ್ದವಳು. ಆಗ ಕಲಿಸಿರಲಿಲ್ಲ. ಅವನು ಅಂಗಿಯ ತೋಳು ಮೇಲೆ ಸರಿಸಿ ಬಲಗೈ ಮುಂದೆ ಚಾಚಿದ.

*

ಆ ಓಣಿಯಲ್ಲಿ ಮುಂದೆ ನಡೆದದ್ದನ್ನು ಅವ್ವ ಫೋನಿನಲ್ಲಿ ಹೇಳಿ ಹೇಳಿ ನಕ್ಕಳು. ಮೊದಲ ದಿನ ಗರಡಿಯ ಕಟ್ಟೆಯ ಮೇಲೆ ಹಿರಿಯ ಪೈಲ್ವಾನನ ಕೈಯಲ್ಲಿ ಹಸಿರು ಬಳೆ, ಪಕ್ಕದಲ್ಲಿ ಬಳೆಯ ಪೆಟ್ಟಿಗೆ ಕಂಡು ಹುಡುಗರು ಬಾಯಿಗೆ ಬೀಗ ಹಾಕಿಕೊಂಡು ನಿಂತರಂತೆ. ಮುದುಕ, "ನಗಾವ್ರು ಮೊದಲ ನನ್ನ ಕೂಡ ಒಂದು ಕುಸ್ತಿ ಹಿಡೀರಿ," ಎಂದನಂತೆ. ಯಾರೂ ಮುಂದೆ ಬರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಕೈ ಚಾಚಿದರು. ಗರಡಿಯ ಹುಡುಗರು, ಕಸ್ತೂರಿಯ ಗಂಡ, ಕಮ್ಮಾರ, ಓಣಿಗೆ ಬಳೆ ತೊಡಿಸುವ ದಸ್ತಗೀರಸಾಬ ಕೂಡ. ಭಟ್ಟಿಯಲ್ಲೇ ದುಡಿಯುವ ನಾಲ್ಕಾರು ಮಂದಿ ಬಂದು ತಮಗೂ ಬೇಕೆಂದು ಕೇಳಿ ತೊಟ್ಟುಕೊಂಡರು. ಎಲ್ಲರಿಗಿಂತ ಮೊದಲು ಕೆಂಪಾದದ್ದು ಅವರದೇ. ಅವರಾದ ಮೇಲೆ ಕುಸ್ತಿ ಹಿಡಿದು ಮೈತುಂಬ ಬೆವರುವ ಗರಡಿ ಹುಡುಗರದು. ಮೂರನೆಯ ದಿನಕ್ಕೆ ಈರಭದ್ರಪ್ಪನದೂ ಕೆಂಪಾಯಿತು. ಇವರಲ್ಲಿ ಬೀಡಿ ಸೇದುವವರನ್ನು ತೊಡಿಸುವ ಮುಂಚೆಯೇ ಬೇರೆ ಮಾಡಿದ್ದರು. ಸೇದುವವರಿಗೆ ಬಳೆಯಿಲ್ಲ ಎಂದು ಮುದುಕ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ.

ಪೇಟೆಯಲ್ಲಿ ಮೃತ್ಯುಂಜಯನ ಬಳೆ ಹಸಿರಾಗಿಯೇ ಇತ್ತು. ತಬಸ್ಸುಮ್ ಗಂಡಸರ ಬಳೆಗಳನ್ನೆಲ್ಲ ಅವರವರ ಫೋನು ನಂಬರಿನೊಂದಿಗೆ ಯಂತ್ರಕ್ಕೆ ತರಬೇತಿಯ ಬಳೆಗಳೆಂದು ತಿಳಿಸಿ, ಕರೆ ಹೋಗದಂತೆ ತಡೆದಿಟ್ಟಿದ್ದಳು. ನಿನ್ನ ಕುಬಸದ ದಿನ ಆ ತಡೆ ತೆಗೆಯುತ್ತೇನೆ, ಆಮೇಲೆ ಬಂದದ್ದು ಬರಲಿ ಎಂದಿದ್ದಳು.

ಕುಬಸ ಎಂದರೆ ಆ ಕಡೆಯ ಸೀಮಂತ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ತವರು ಹರಸುವ ದಿನ. ಅದು ಅಮಾವಾಸ್ಯೆಯ ಆಚೆಗೆ ಬಿದ್ದಿತ್ತು. ಆದೇಶ ಆಗಲೇ ಜಾರಿಯಾಗಿತ್ತು. ಇಡೀ ಜಿಲ್ಲೆಯಲ್ಲಿ ಆ ವಾರ ಒಬ್ಬ ಬಸುರಿಯೂ ತವರಿನ ಹೊಸ್ತಿಲು ತುಳಿದಿರಲಿಲ್ಲ.

ನೀಲಗಂಗಾ ತುಳಿದಳು. ಬೆಳಗಿನ ಬಸ್ಸಿಗೆ ಬಂದು ಸಂಜೆಯೊಳಗೆ ಮರಳುವುದೆಂದು ಲೆಕ್ಕ ಹಾಕಿಕೊಂಡಿದ್ದಳು, ಅಷ್ಟು ಹೊತ್ತಿಗೆ ಗಸಿ ಮೈಗೆ ಹತ್ತುವುದಿಲ್ಲ. ಆದರೂ ಬಸ್ಸಿಳಿದಾಗ ಸೆರಗನ್ನು ಮೂಗಿಗೆ ಒತ್ತಿ ಹಿಡಿದೇ ನಡೆದಳು. ಬಳೆ ಅವಳಿರುವ ಜಾಗವನ್ನು ಕೇಂದ್ರಕ್ಕೆ ತಿಳಿಸುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ತಿಳಿಸಲಿ ಎಂದೇ ಬಂದಿದ್ದಳು.

ದಸ್ತಗೀರಸಾಬ ಅವಳ ಕೈಗೆ ಗಾಜಿನ ಬಳೆ ಏರಿಸುತ್ತಿರುವಾಗಲೇ ವ್ಯಾನು ಬಂತು. ಸಿಬ್ಬಂದಿಯವಳೇ ಆದೇಶ ಮುರಿದದ್ದು ಮರ್ಯಾದೆಯ ಪ್ರಶ್ನೆಯಾಗಿ, ಇನಾಮದಾರರು ತಾವೇ ಬಂದಿದ್ದರು. ಹಂದರದ ಬಾಯಲ್ಲಿ ನಿಂತು, "ನೀಲಗಂಗಾ ಅವರೇ, ಏಳಿ. ಜನರ ಮುಂದೆ ರಂಪ ಬೇಡ," ಎಂದರು.

ಗುರುಸಿದ್ದವ್ವ ಆರತಿಯ ತಟ್ಟೆ ಕೆಳಗಿಟ್ಟು ಮಗಳ ಮುಂದೆ ಅಡ್ಡ ನಿಂತಳು. "ಬೀಡಿ ಕೊಡಾವ್ರು ನಾವಂತಲ್ರೀ? ತವರಂದ್ರ ಹಂಗಂತಲ್ಲ? ಬರ್ರಿ ಒಳಗ. ಡಬ್ಬಿ ಡಬ್ಬಿ ತಗದು ನೋಡ್ರಿ, ಒಂದ ಬೀಡಿ ಸಿಕ್ಕರ ನನ್ನನ್ನ ಕರಕೊಂಡ ಹೋಗ್ರಿ."

ಅಷ್ಟರಲ್ಲಿ ಈರಭದ್ರಪ್ಪನ ಫೋನು ಬಡಿಯಿತು. ಅದರ ಹಿಂದೆಯೇ ಕಮ್ಮಾರನದು, ಕಸ್ತೂರಿಯ ಗಂಡನದು, ಗರಡಿಯ ಹುಡುಗರದು. ತಬಸ್ಸುಮ್ ತಡೆ ತೆಗೆದಿದ್ದಳು. ಮುದುಕ ಎಲ್ಲರಿಗೂ ಕೇಳುವಂತೆ ಫೋನನ್ನು ಅಂಗೈ ಮೇಲೆ ಹಿಡಿದ.

"ಅಮ್ಮಾ, ಹೊಟ್ಟೆಯಲ್ಲಿರುವ ಕೂಸಿಗೆ ಬಾಯಿಲ್ಲ, ಅದರ ಪರವಾಗಿ ನಾವು ಕೇಳುತ್ತಿದ್ದೇವೆ," ಎಂದಿತು ಹುಡುಗಿಯ ದನಿ. "ಬೀಡಿ ಬಿಡಬೇಕಮ್ಮಾ. ನಿಮಗೆ ಎಷ್ಟನೇ ತಿಂಗಳು?"

"ಹೊಟ್ಟಿ ಬಂದು ಭಾಳ ವರ್ಸ ಆತವ್ವಾ," ಎಂದ ಈರಭದ್ರಪ್ಪ. "ತಿಂಗಳ ಲೆಕ್ಕ ಇಟ್ಟಿಲ್ಲ."

ಹಂದರದಲ್ಲಿ ನಗೆ ಎದ್ದಿತು. ಸಿಟ್ಟು ಬೆರೆತ ಆ ನಗೆಗೆ ಇನಾಮದಾರರು ಒಂದು ಹೆಜ್ಜೆ ಹಿಂದೆ ಸರಿದರು. ಮುದುಕ ನಗಲಿಲ್ಲ. ಕೆಂಪು ಬಳೆಯ ಕೈಯನ್ನು ಅವರ ಮುಖದ ಮುಂದೆ ಹಿಡಿದ.

"ಕೆಂಪಾದವ್ರನ್ನ ಕರ್ಕೊಂಡ್ ಹೋಗೂದು ನಿಮ್ಮ ಕಾಯ್ದೆ ಹೌದಲ್ರಿ ಸಾಹೇಬರ? ನಡೀರಿ ಮತ್ತ. ನನ್ನ ಮಗಳದು ಹಸರ ಐತಿ, ನೋಡ್ಕೊಳ್ರಿ. ನಮ್ಮವು ಕೆಂಪದಾವ. ಮಂದಿರದಾಗ ಜಾಗಾ ಐತೋ ಇಲ್ಲೋ?"

ಗರಡಿಯ ಹುಡುಗರು ಆಗಲೇ ವ್ಯಾನಿನೊಳಗೆ ಹತ್ತಿ ಕೂತಿದ್ದರು. ಅವರ ಭಾರಕ್ಕೆ ಅದು ಒಂದು ಬದಿಗೆ ವಾಲಿತ್ತು.

"ಇದು ಅಕ್ರಮ," ಎಂದರು ಇನಾಮದಾರರು. ದನಿ ಮಾತ್ರ ಗಟ್ಟಿಯಿರಲಿಲ್ಲ. "ಈ ಬಳೆ ಗಂಡಸರಿಗಲ್ಲ. ಗಂಡಸರ ಕೈಲಿ ಅದು ಹೇಳಿದ್ದಕ್ಕೆ ಅರ್ಥವಿಲ್ಲ."

ನೀಲಗಂಗಾ ಎದ್ದು ನಿಂತಳು. ಅವಳ ಕೈತುಂಬ ಗಾಜಿನ ಬಳೆ, ಅವುಗಳ ನಡುವೆ ಸರ್ಕಾರದ್ದು. ಪೆಟ್ಟಿಗೆಯಲ್ಲಿ ಉಳಿದಿದ್ದ ಒಂದು ಬಳೆ ತೆಗೆದು ಚಾಚಿದಳು. "ನಮ್ಮ ಕೈಲಿ ಹೇಳಿದ್ದಕ್ಕೆ ಅರ್ಥ ಇತ್ತಲ್ಲ ಸರ್. ಹಂಗಾದ್ರ ಇದನ್ನ ತೊಟ್ಕೊಂಡು ಮೂರು ದಿನ ನಮ್ಮ ಓಣಿಯಾಗ ಇರ್ರಿ. ಅವ್ವನ ಕೈಯಡಿಗಿ ಉಣ್ರಿ. ಹಸರ ಉಳೀತಂದ್ರ ನಾ ನಾನಾಗೇ ಬಂದು ವ್ಯಾನ್ ಹತ್ತತೀನಿ."

ಅವರು ಬಳೆಯನ್ನು ನೋಡಿದರು, ಭಟ್ಟಿಯ ಹೊಗೆಯನ್ನು ನೋಡಿದರು. ಕೈ ಮಾತ್ರ ಜೇಬಿನಿಂದ ಹೊರಗೆ ಬರಲಿಲ್ಲ. ಆ ಜೇಬಿನೊಳಗಿನ ಕೈಯನ್ನು ಹಂದರದಲ್ಲಿದ್ದವರೆಲ್ಲ ಕಂಡರು. ಅಷ್ಟು ಸಾಕಾಗಿತ್ತು. ಹುಡುಗರು ತಾವಾಗಿಯೇ ಇಳಿದರು, ವ್ಯಾನು ಬರಿದಾಗಿ ಹೋಯಿತು.

*

ನೀಲಗಂಗಾ ಉಡಿ ತುಂಬಿಸಿಕೊಂಡು ಸಂಜೆಯೊಳಗೆ ಪೇಟೆಗೆ ಮರಳಿದಳು. ಮರುದಿನ ಅವಳನ್ನೂ ತಬಸ್ಸುಮ್‌ಳನ್ನೂ ಕೆಲಸದಿಂದ ಅಮಾನತು ಮಾಡಿದರು. ಅತ್ತ ಗರಡಿ ಓಣಿಯ ಗಂಡಸರು ಟೈರ್ ಭಟ್ಟಿಯ ಗೇಟಿನ ಮುಂದೆ ಚಾಪೆ ಹಾಸಿ ಕೂತರು. ಟೈರು ಹೇರಿಕೊಂಡು ಬಂದ ಲಾರಿಗಳು ಸಾಲಾಗಿ ನಿಂತವು. ಬಳೆ ತೊಟ್ಟ ಪೈಲ್ವಾನರ ಚಿತ್ರ ಫೋನಿಂದ ಫೋನಿಗೆ ಹಾರಿತು, ಭಟ್ಟಿಗಳಿದ್ದ ಬೇರೆ ಊರುಗಳ ಗಂಡಸರು ನಮಗೂ ಬಳೆ ಬೇಕೆಂದು ಕೇಂದ್ರದ ಬಾಗಿಲಿಗೆ ಬಂದರು. ಗಾಳಿಯ ಇಲಾಖೆಯವರು ಕೊನೆಗೂ ಏಣಿ ಹಾಕಿ ಹತ್ತಿ ನೋಡಿದಾಗ, ಹೊಗೆ ಸೋಸುವ ಯಂತ್ರ ಕಾಗದದಲ್ಲಿ ಮಾತ್ರ ಇತ್ತು. ಬೇಯಿಸಲು ಟೈರಿಲ್ಲದೆ ಭಟ್ಟಿ ಅಷ್ಟರಲ್ಲಿ ತಾನಾಗಿಯೇ ಆರಿತ್ತು, ಅದರ ಬಾಗಿಲಿಗೆ ಇಲಾಖೆಯ ಮೊಹರು ಬಿತ್ತು.

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಅಪ್ಪನ ಫೋನು ಬಂತು.

"ನೀಲಾ, ಹಸರ ಆತವ್ವಾ."

"ನಿಮ್ಮದಾ ಅಪ್ಪಾ?"

"ಎಲ್ಲಾರದೂ. ನಂದು ಕಡೀಕ ಆತು. ಹೊಳಿ ಆಚಿಂದ ಕಸ್ತೂರಿನೂ ಬಂದಾಳ, ಅಕಿದೂ ಹಸರನ ಐತಿ. ಬಾ ಇನ್ನ. ನಿಮ್ಮವ್ವ ಬಾಣಂತಿ ಕೋಣಿಗೆ ಸುಣ್ಣ ಬಳದಾಳ."

ತವರಿನ ಆದೇಶವನ್ನು ಇನ್ನೂ ಹಿಂತೆಗೆದುಕೊಂಡಿರಲಿಲ್ಲ. ನೀಲಗಂಗಾ ಅದರ ಬಗ್ಗೆ ಯಾರನ್ನೂ ಕೇಳಲಿಲ್ಲ. ಸೀರೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು, ಮೃತ್ಯುಂಜಯ ಅವಳನ್ನು ಬಸ್ಸಿಗೆ ಹತ್ತಿಸಿದ. ಕಂಡಕ್ಟರನಿಗೆ, "ಹೋಗೂದಷ್ಟ ಕೊಡ್ರಿ. ಬಾಣಂತನ ಮುಗಿಸ್ಕೊಂಡು ಬರ್ತೀನಿ," ಎಂದಳು.

ಪೇಟೆ ದಾಟುತ್ತಲೇ ಕೇಂದ್ರದ ಕರೆ ಬಂತು. ಸುಕನ್ಯಾ.

"ಅಕ್ಕಾ, ನೀವು ತವರಿಗೆ ಹೊಂಟೀರಿ ಅಂತ ಪರದಿ ತೋರಿಸಾಕತ್ತೈತಿ. ವಾಪಸ್ ಹೋಗ್ರಿ ಅಂತ ಹೇಳಬೇಕು ನಾನು. ಹೇಳಿದೆ ಅಂತ ತಿಳ್ಕೋರಿ. ಏನು ಒತ್ತಲಿ?"

"ಎಲ್ಲಾದಕ್ಕೂ ಕೆಳಗ ಒಂದು ಐತಲ್ಲ ತಂಗಿ, ಒಪ್ಪಿಕೊಂಡಿಲ್ಲ ಅಂತ," ಎಂದಳು ನೀಲಗಂಗಾ. "ಅದನ್ನ ಒತ್ತು. ಗಟ್ಟಿಯಾಗಿ ಒತ್ತು."

ಸೂಲಗೇರಿಯ ನಿಲ್ದಾಣದಲ್ಲಿ ಇಳಿದಾಗ ಸೆರಗು ಮೂಗಿಗೆ ಹಿಡಿಯಬೇಕಾಗಲಿಲ್ಲ. ಅಪ್ಪ ಜನರ ನಡುವೆ ನಿಂತಿದ್ದ. ಮಗಳನ್ನು ಕಂಡವನೇ ಅಂಗಿಯ ತೋಳು ಮೇಲೇರಿಸಿ, ಕುಸ್ತಿ ಗೆದ್ದವರು ಎತ್ತುವ ಹಾಗೆ ಬಲಗೈ ಮೇಲಕ್ಕೆತ್ತಿದ. ಅವಳೂ ತನ್ನ ಕೈ ಎತ್ತಿ ತೋರಿಸಿದಳು. ಎರಡು ಬಳೆಗಳೂ ಹಸಿರಾಗಿದ್ದವು.